ಸ್ಕ್ವಾಡ್ರನ್ ಮೇಷ್ಟ್ರು

ಅವರ ಬಲಗಿವಿ ಪೂರ್ತಿ ಕಿವುಡು. ಡ್ರೈವಿಂಗ್ ಕಲಿಸುವವರಿಗೆ ಇದು ಸಣ್ಣ ತೊಂದರೆಯಲ್ಲ. ಕಲಿಯುವವರು ಬಲಗಡೆಯೇ ಕೂತಿರುತ್ತಾರಲ್ಲ, ಅವರು ಹೇಳಿದ್ದೇನೂ ಕಿವಿಗೆ ಬೀಳದು. ಹಾಗಾಗಿ ಮೇಷ್ಟ್ರು ಸೀಟಿನಲ್ಲಿ ಅಡ್ಡಡ್ಡ ತಿರುಗಿ, ಬೆನ್ನನ್ನು ಬಾಗಿಲಿಗೆ ಕೊಟ್ಟು, ನಮ್ಮ ಮುಖವನ್ನೇ ನೋಡುತ್ತ ಕೂರುತ್ತಿದ್ದರು. ರಸ್ತೆ ನೋಡುವ ಕೆಲಸ ಪೂರ್ತಿ ನಮ್ಮದು. ಮೊದಲ ದಿನ ನನಗೆ ಜೀವವೇ ಬಾಯಿಗೆ ಬಂದಿತ್ತು.

"ಸಾ, ಎದುರ್ಗೆ ಬಸ್ಸು ಬತ್ತಾ ಅದೆ!" ಎಂದು ಕೂಗಿದೆ.

"ನನ್ ಯಾಕವ್ವಾ ಕೇಳ್ತೀಯೆ? ಕಂಡೋಳು ನೀನು. ಏನ್ ಮಾಡ್ಬೇಕೋ ನೀನೇ ಮಾಡು," ಅಂದರು.

ಅವರ ಕಾಲು ತಮ್ಮ ಕಡೆಯ ಬ್ರೇಕಿನ ಮೇಲೆಯೇ ಇತ್ತೆಂಬುದು ನನಗೆ ತಿಳಿದದ್ದು ಎಷ್ಟೋ ದಿನಗಳ ಮೇಲೆ.

ಕೊಳ್ಳೇಗಾಲದಲ್ಲಿ ಅವರನ್ನು ಎಲ್ಲರೂ ಸ್ಕ್ವಾಡ್ರನ್ ಮೇಷ್ಟ್ರು ಅಂತಲೇ ಕರೆಯುತ್ತಿದ್ದರು. ಅಗರದ ರೈತರ ಮನೆಯ ಮಗ. ಮೀಸೆ ಚಿಗುರುವ ವಯಸ್ಸಿನಲ್ಲಿ ವಾಯುಪಡೆ ಸೇರಿ, ಒಂದು ಫೈಟರ್ ಸ್ಕ್ವಾಡ್ರನ್ನಿನಲ್ಲಿ ವಿಮಾನಗಳನ್ನು ಹಾರಾಟಕ್ಕೆ ಸಜ್ಜು ಮಾಡುವ ಕೆಲಸಕ್ಕೆ ನಿಂತರು. ಕಿವಿಯನ್ನು ಜೆಟ್ ಎಂಜಿನ್ನಿನ ಸದ್ದು ತೆಗೆದುಕೊಂಡಿತು. ನಿವೃತ್ತರಾಗಿ ಬಂದ ಮೇಲೆ ಊರಿನ ಹೊಲವನ್ನು ತಮ್ಮನಿಗೆ ಬಿಟ್ಟು, ಹೆಂಡತಿಯ ಜೊತೆ ಕೊಳ್ಳೇಗಾಲದಲ್ಲಿ ಮನೆ ಮಾಡಿ, ಡ್ರೈವಿಂಗ್ ಸ್ಕೂಲ್ ತೆರೆದರು.

ನಾನು ಅವರಲ್ಲಿಗೆ ಹೋದದ್ದು ಶೋಕಿಗಲ್ಲ. ನಮ್ಮದು ರೇಷ್ಮೆ ಸೀರೆ ನೇಯುವ ಮನೆ. ನನ್ನ ಯಜಮಾನರ ಕಣ್ಣು ಮಂದವಾಗುತ್ತ ಬಂದು, ಕೊನೆಗೆ ಎಳೆ ಕಡಿದರೆ ಗೊತ್ತಾಗದ ಸ್ಥಿತಿಗೆ ಬಂದಿತ್ತು. ಮಗ್ಗ ನಿಂತಿತು. ವ್ಯಾನ್ ಇಟ್ಟುಕೊಂಡು ಮಲೆ ಮಹದೇಶ್ವರ ಬೆಟ್ಟಕ್ಕೆ ಜನರನ್ನು ಕರೆದೊಯ್ಯುತ್ತೇನೆ ಎಂದಾಗ ಮನೆಯಲ್ಲಿ ಯಾರೂ ಬಯ್ಯಲಿಲ್ಲ, ನಕ್ಕರು. ಬೈದಿದ್ದರೆ ಅಷ್ಟು ನೋಯುತ್ತಿರಲಿಲ್ಲ. ಜೊತೆಗೆ ಬಂದಿದ್ದ ನನ್ನ ಮೈದುನ ಮೇಷ್ಟ್ರ ಎದುರಿಗೇ ಹೇಳಿದ: "ಬೆಟ್ಟದ್ ತಿರುವ್ನಲ್ಲಿ ಗಂಡುಸ್ರೇ ನಡುಗ್ತಾರೆ. ಇವ್ಳು ಓಡುಸ್ತಾಳಾ ಸಾ?"

ಮೇಷ್ಟ್ರು ಅವನನ್ನೊಮ್ಮೆ ನೋಡಿದರು. "ನಮ್ ಸ್ಕ್ವಾಡ್ರನ್ಗೆ ಬತ್ತಿದ್ದ ಪೈಲಟ್ ಐಕ್ಳಿಗೆ ಮೀಸೆನೇ ಸರಿಯಾಗಿ ಬಂದಿರ್ನಿಲ್ಲ ಕಣ್ಲಾ. ಮೀಸೆ ನೋಡಿ ಪ್ಲೇನು ಮ್ಯಾಕ್ಕೆ ಓಗ್ತದಾ?" ಎಂದು ನನ್ನ ಕೈಗೆ ಕೀಲಿ ಕೊಟ್ಟರು.

ಕಲಿಸುವಾಗ ಕಟ್ಟುನಿಟ್ಟು. ಟೈರು, ಎಣ್ಣೆ, ನೀರು, ಬ್ರೇಕು ನೋಡದೆ ಸೀಟಿಗೆ ಹತ್ತಿದರೆ ಇಳಿಸಿಬಿಡುತ್ತಿದ್ದರು. ಬೈಗುಳ ಮಾತ್ರ ಒಂದೂ ಇಲ್ಲ. ಹನೂರಿನ ಸಂತೆಯ ದಿನವೇ ಬೇಕೆಂದು ಆರಿಸಿ ನನ್ನನ್ನು ಆ ಜನದ ನಡುವೆ ಓಡಿಸಿದರು. ಎತ್ತಿನಗಾಡಿ, ಆಟೊ, ಟೊಮೆಟೊ ಕ್ರೇಟು ಹೊತ್ತ ಟೆಂಪೊಗಳ ನಡುವೆ ಗಾಡಿ ಮತ್ತೆ ಮತ್ತೆ ಆಫ್ ಆಗಿ, ಹಿಂದಿನವರೆಲ್ಲ ಹಾರನ್ ಹೊಡೆದು ಕೂಗಾಡಿದರೆ, "ಕೂಗ್ಲಿ ಬುಡು, ನಂಗಂತೂ ಕೇಳಾಕಿಲ್ಲ," ಎಂದು ನಕ್ಕರು. ನನಗೂ ನಗು ಬಂತು. ನಗುತ್ತಲೇ ಗಾಡಿ ಮುಂದಕ್ಕೆ ಹೋಯಿತು.

ಮೊದಲ ಸಲ ಬೆಟ್ಟ ಹತ್ತಲು ಹೊರಟ ದಿನ ತಿರುವುಗಳು ಶುರುವಾಗುವ ತಾಳಬೆಟ್ಟದಲ್ಲಿ ಗಾಡಿ ನಿಲ್ಲಿಸಿಬಿಟ್ಟೆ. ಇಳಿಯುವಾಗ ಬ್ರೇಕು ಕೈಕೊಟ್ಟರೆ ಎಂದೆ. ಅವರು ಟೀ ತರಿಸಿದರು. "ನೋಡಿದ್ದೀಯಲ್ಲ, ಚೆನ್ನಾಗದೆ. ನೋಡಾದ್ಮೇಲೆ ನಂಬ್ಬೇಕು," ಅಂದವರು ಲೋಟ ಕೆಳಗಿಟ್ಟು, "ನಂಗೇ ಅದು ಬರ್ನಿಲ್ಲ," ಎಂದರು. ಅವತ್ತು ಅವರು ತಮ್ಮ ಯುದ್ಧದ ಕಥೆಯನ್ನು ಪೂರ್ತಿಯಾಗಿ ಹೇಳಿದರು.

ಎಪ್ಪತ್ತೊಂದರ ಯುದ್ಧದಲ್ಲಿ ಅವರು ಕಾರ್ಪೋರಲ್; ಅವರ ಸ್ಕ್ವಾಡ್ರನ್ ಪಂಜಾಬಿನ ಗಡಿಯಲ್ಲಿತ್ತು. ಮಂಜು ಕರಗಿದ ಕೂಡಲೇ ವಿಮಾನಗಳು ಜೋಡಿಜೋಡಿಯಾಗಿ ಏಳುತ್ತಿದ್ದವು. ಗಡಿಯಾಚೆ ಸಾಲಾಗಿ ಬರುತ್ತಿದ್ದ ಟ್ಯಾಂಕುಗಳ ಮೇಲೆ ಎರಗಿ ವಾಪಸಾಗುತ್ತಿದ್ದವು. ಇಳಿದ ವಿಮಾನದ ಕೆಳಗೆ ಇವರು ನುಗ್ಗಿ, ಇಂಧನ ತುಂಬಿ, ಫಿರಂಗಿಗೆ ಗುಂಡಿನ ಪಟ್ಟಿ ಏರಿಸಿ, ಮತ್ತೆ ಕಳಿಸಬೇಕು. ಮೈತುಂಬ ತೂತಾಗಿ ಬಂದ ವಿಮಾನವನ್ನು ತೇಪೆ ಹಾಕಿ ಮರುದಿನ ಬೆಳಿಗ್ಗೆಗೆ ಹಾರಿಸಿದ್ದೂ ಉಂಟು. ತಮ್ಮ ವಿಮಾನದ ಪೈಲಟ್ಟನ್ನು ಸೀಟಿಗೆ ಕೂರಿಸಿ ಬೆಲ್ಟು ಬಿಗಿಯುತ್ತಿದ್ದವರು ಇವರೇ. ಚಿಕ್ಕ ವಯಸ್ಸಿನವನು, ಪ್ರತಿ ಸಲವೂ ಇವರ ಭುಜ ತಟ್ಟಿ ಹೋಗುತ್ತಿದ್ದನಂತೆ.

ಒಂದು ಬೆಳಿಗ್ಗೆ ಆ ವಿಮಾನದ ರೆಕ್ಕೆ, ಬಾಲ ಆಡಿಸುವ ಎಣ್ಣೆಯ ಪೈಪಿನ ಸಂದಿಯಲ್ಲಿ ಪಸೆ ಕಂಡಿತು. ಒರೆಸಿ, ಬಿಗಿ ಮಾಡಿ, ಸಾರ್ಜೆಂಟಿಗೆ ತೋರಿಸಿದರು. ಅವರೂ ನೋಡಿ ಸರಿ ಇದೆ ಎಂದರು. ವಿಮಾನ ಹಾರಿತು. ಹಿಂತಿರುಗಲಿಲ್ಲ. ಜೊತೆಗೆ ಹೋಗಿದ್ದ ಪೈಲಟ್ ಗಾಯಗೊಂಡು ಬೇರೊಂದು ಏರ್‌ಫೀಲ್ಡಿನಲ್ಲಿ ಇಳಿದು ಆಸ್ಪತ್ರೆ ಸೇರಿದರು. ಇವರು ಅವರನ್ನು ಮತ್ತೆ ಕಾಣಲೇ ಇಲ್ಲ.

"ಕೆಳುಗ್ಲಿಂದ ಗುಂಡು ಬಿತ್ತು ಅಂದ್ರು ಎಲ್ಲಾರೂವೆ. ನನ್ ಸಮಾಧಾನಕ್ಕೆ ಅಂದ್ರೋ ಏನೋ," ಎಂದರು ಮೇಷ್ಟ್ರು. ಟೀ ಆರಿಹೋಗಿತ್ತು. ನಾನು ಎದ್ದು ಗಾಡಿ ಸ್ಟಾರ್ಟ್ ಮಾಡಿದೆ. ಅವತ್ತು ಬೆಟ್ಟ ಹತ್ತಿದೆ, ಇಳಿದೆ.

ಆಮೇಲೆ ವ್ಯಾನ್ ತಂದೆ. ಮನೆ ನಡೆಯಿತು, ಮಗಳ ಓದು ಮುಂದುವರಿಯಿತು. ನಕ್ಕಿದ್ದ ಮೈದುನನೇ ನನಗೆ ಬಾಡಿಗೆ ಹಿಡಿದುಕೊಡುವವನಾದ.

ಕೆಲವು ವರ್ಷಗಳ ಕೆಳಗೆ ಮೇಷ್ಟ್ರಿಗೆ ಒಂದು ಫೋನ್ ಬಂತು. ಅಂದು ಜೊತೆಯಲ್ಲಿ ಹಾರಿದ್ದ ಆ ಪೈಲಟ್, ಕೊಡಗಿನವರು, ಈಗ ಕೋಲು ಹಿಡಿದು ನಡೆಯುವ ಮುದುಕರು. ಸ್ಕ್ವಾಡ್ರನ್ನಿನ ಚರಿತ್ರೆಯನ್ನು ಬರೆಯುತ್ತಿದ್ದರು. ಮೇಷ್ಟ್ರನ್ನು ಹುಡುಕಿಕೊಂಡು ಬಂದವರು ಬೆಟ್ಟದ ಮಾದಪ್ಪನ ದರ್ಶನವನ್ನೂ ಮಾಡಬೇಕೆಂದರು. ಇಬ್ಬರನ್ನೂ ನನ್ನ ವ್ಯಾನಿನಲ್ಲೇ ಕರೆದುಕೊಂಡು ಹೊರಟೆ. ಹನೂರು ದಾಟುವವರೆಗೂ ಊಟ, ಚಳಿ, ಹಳೆಯ ಗೆಳೆಯರ ಮಾತು. ಕಾಡು ಶುರುವಾದ ಮೇಲೆ ಮೇಷ್ಟ್ರು ಆ ಹಿರಿಯರ ಕಡೆ ತಿರುಗಿ ಕೂತರು.

"ಸಾ," ಎಂದರು ಮೇಷ್ಟ್ರು. ಅವರ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಕೇಳಿರಲಿಲ್ಲ. "ಅವತ್ತು ಕೆಳಕ್ಕೆ ಎರಗಿದ್ ಪ್ಲೇನು ಮ್ಯಾಕ್ಕೆ ಎತ್ಕತಾ?"

ಆ ಹಿರಿಯರಿಗೆ ಪ್ರಶ್ನೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. "ಎತ್ತಿತು ಕಾರ್ಪೋರಲ್. ನಾನು ಅವನ ಹಿಂದೆಯೇ ಇದ್ದೆ. ಮೊದಲ ಸಲ ಎರಗಿ ಹೊಡೆದು ಚೆನ್ನಾಗಿ ಮೇಲೆದ್ದ. ಎರಡನೇ ಸಲ ಮೇಲೇಳುವಾಗ ಮರಗಳ ತೋಪಿನೊಳಗಿಂದ ಗುಂಡು ಬಂತು. ರೆಕ್ಕೆಗೆ ತಗುಲಿದ್ದನ್ನು ನನ್ನ ಕಣ್ಣಾರೆ ನೋಡಿದೆ. ಬೆಂಕಿ ಹತ್ತಿದ ಮೇಲೂ ವಿಮಾನ ಅವನು ಹೇಳಿದ ಹಾಗೆ ಕೇಳುತ್ತಿತ್ತು. ಕೆಳಗೆ ಒಂದು ಹಳ್ಳಿ ಇತ್ತು. ಅದನ್ನು ದಾಟಿಸಿ ಹೊಲದ ಕಡೆಗೆ ತಿರುಗಿಸಿದ. ಕೆಟ್ಟ ವಿಮಾನದಲ್ಲಿ ಅದು ಆಗುತ್ತಿತ್ತಾ?" ಆಮೇಲೆ ಕೇಳಿದರು, "ಇಷ್ಟು ವರ್ಷ ಯಾರನ್ನೂ ಕೇಳಲಿಲ್ಲವಾ ನೀವು?"

"ಕೇಳಾಕೆ ಭಯ ಆಯ್ತು ಸಾ. ಊಂ, ನಿನ್ನಿಂದ್ಲೇ ಅಂದ್ಬುಟ್ಟಿದ್ರೆ?"

ಗಾಡಿ ನಿಲ್ಲಿಸಲು ಹೇಳಿದರು. ಇಳಿದು ಹೋಗಿ ರಸ್ತೆ ಬದಿಯ ಬಿದಿರಿನ ಮೆಳೆಯ ಹತ್ತಿರ ನಮಗೆ ಬೆನ್ನು ಹಾಕಿ ನಿಂತರು. ಭುಜಗಳು ಅಲುಗುತ್ತಿದ್ದವು. ಪೈಲಟ್ ಕೋಲೂರಿಕೊಂಡು ಹೋಗಿ ಪಕ್ಕದಲ್ಲಿ ನಿಂತರು. ನಾನು ನೀರಿನ ಬಾಟಲಿ ಹಿಡಿದುಕೊಂಡು ಬಾಗಿಲ ಬಳಿಯೇ ಉಳಿದೆ. ಸ್ವಲ್ಪ ಹೊತ್ತಿನ ಮೇಲೆ ಮೇಷ್ಟ್ರು ಬಂದು ಮುಖ ತೊಳೆದು, "ನಡಿಯವ್ವಾ, ದರ್ಸನಕ್ಕೆ ಒತ್ತಾಯ್ತದೆ," ಅಂದರು. ಆ ದಿನ ದೇವಸ್ಥಾನದ ಮುಂದೆ ಅವರು ಕೈಮುಗಿದು ನಿಂತದ್ದು ತಮಗಾಗಿ ಅಲ್ಲ, ಮನೆಗೆ ಮರಳದ ಆ ಹುಡುಗನಿಗಾಗಿ.

ಹೋದ ವರ್ಷದ ಚಳಿಯಲ್ಲಿ ಒಂದು ಬೆಳಿಗ್ಗೆ, ಕಾಫಿ ಲೋಟ ಕೆಳಗಿಟ್ಟವರು ಮತ್ತೆ ಎತ್ತಿಕೊಳ್ಳಲಿಲ್ಲ. ನಾನು ಓಡಿಹೋಗುವಷ್ಟರಲ್ಲಿ ಅಗರದಿಂದ ನೆಂಟರು ಬಂದಿದ್ದರು. ಹೊಲದಲ್ಲಿ ಮಣ್ಣು ಮಾಡಬೇಕು, ಊರಿಗೆ ಒಯ್ಯಲು ಗಾಡಿ ಬೇಕು ಎಂದು ತಮ್ಮನ ಮಗ ಯಾರಿಗೋ ಫೋನ್ ಮಾಡುತ್ತಿದ್ದ. ಮೇಷ್ಟ್ರ ಹೆಂಡತಿ ಕೂತಲ್ಲಿಂದಲೇ ಕೈಯೆತ್ತಿ ತಡೆದರು.

"ಬ್ಯಾರೆ ಗಾಡಿ ಯಾಕ್ಲಾ? ಇವ್ಳು ಇದ್ದಾಳಲ್ಲ ಇಲ್ಲೇ. ಯಾರ್ ಗಾಡೀಲೂ ಕಣ್ಣು ಮುಚ್ಚಿದೋರಲ್ಲ ಅವ್ರು. ಇವ್ಳು ಓಡುಸ್ದಾಗ ಮಾತ್ರ ಹಿಂದ್ಗಡೆ ಕೂತು ನಿದ್ದೆ ಮಾಡೋರು."

ನನಗದು ಗೊತ್ತೇ ಇರಲಿಲ್ಲ.

ಯಳಂದೂರು ರಸ್ತೆ ಹಿಡಿದು ಅವರನ್ನು ಊರಿಗೆ ಕರೆದೊಯ್ದೆ. ಗದ್ದೆ ಬಯಲು ಬಂದಾಗ ಕಣ್ಣು ತುಂಬಿ ದಾರಿ ಕಾಣದಾಯಿತು. ಗಾಡಿಯನ್ನು ಪಕ್ಕಕ್ಕೆ ಹಾಕಿ, ಸೆರಗಿನಲ್ಲಿ ಮುಖ ಒತ್ತಿಕೊಂಡು ಕೂತೆ. ಹಿಂದೆ ನೆಂಟರ ಗಾಡಿಗಳೂ ಒಂದೊಂದಾಗಿ ನಿಂತವು. ಯಾರೂ ಹಾರನ್ ಹೊಡೆಯಲಿಲ್ಲ.