ಬಿಸಿ ಗಂಜಿಗೆ ಹಾಕಿದ ಹೆಪ್ಪು

ಮೊದಲ ಸಲ ಅದು ಬೊರಿವಲಿಯಿಂದ ಹೊರಟ ಫಾಸ್ಟ್ ಲೋಕಲ್ ರೈಲಿನಲ್ಲಿ ಆಯಿತು. ಮಲಾಡ್ ದಾಟಿತ್ತು, ಅಥವಾ ಗೋರೆಗಾಂವ್; ನನ್ನ ನೆನಪನ್ನು ಈಗ ನಾನೇ ಪೂರ್ತಿ ನಂಬುವುದಿಲ್ಲ. ಹೊಟ್ಟೆ ಹಿಂಡಿತು. ಬೆನ್ನು ಬೆವರಿತು. ಫಾಸ್ಟ್ ಗಾಡಿ ಅಂಧೇರಿಯವರೆಗೆ ನಿಲ್ಲುವುದಿಲ್ಲ, ಲೋಕಲ್‌ನಲ್ಲಿ ಶೌಚಾಲಯವೂ ಇರುವುದಿಲ್ಲ.

ಅಂಧೇರಿಯ ಪ್ಲಾಟ್‌ಫಾರ್ಮ್ ಮೇಲೆ ತಡೆಯಲಾಗಲಿಲ್ಲ.

ಹಿಂದಿನ ವಾರವಷ್ಟೇ ಹಲ್ಲಿನ ಸೋಂಕಿಗೆ ಆಂಟಿಬಯೋಟಿಕ್ ಮುಗಿಸಿದ್ದೆ. ಮೂರು ದಿನದಲ್ಲಿ ಸರಿಹೋಗುತ್ತದೆ ಅಂದುಕೊಂಡೆ. ಎರಡು ತಿಂಗಳಾಯಿತು. ಎಲ್ಲ ಕಡೆ ನಿಲ್ಲುವ ಸ್ಲೋ ಗಾಡಿ ಹಿಡಿಯತೊಡಗಿದೆ. ಯಾವ ಸ್ಟೇಷನ್ನಿನ ಶೌಚಾಲಯ ಯಾವ ತುದಿಯಲ್ಲಿದೆ ಎಂಬುದು ಬಾಯಿಪಾಠವಾಯಿತು. ನಾನು ಕೆಲಸ ಮಾಡುವ ಪರೇಲಿನ ಲ್ಯಾಬ್‌ಗೆ ದಿನವೂ ತಡ. ತಿಂಗಳ ಕೊನೆಯೊಳಗೆ ಹಾಜರಿ ಸರಿಹೋಗದಿದ್ದರೆ ನನ್ನ ಜಾಗಕ್ಕೆ ಬೇರೆಯವರು ಬರುತ್ತಾರೆ ಎಂದು ಮ್ಯಾನೇಜರ್ ಮೆತ್ತಗೆ ಹೇಳಿದರು.

ಡಾಕ್ಟರ್ ಸ್ಟೂಲ್ ಟೆಸ್ಟ್ ಮಾಡಿಸಿದರು. ಗಾಬರಿಯಾಗುವಂಥದ್ದೇನೂ ಇರಲಿಲ್ಲ. ಆಂಟಿಬಯೋಟಿಕ್ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಕೊಂದಿರಬೇಕು ಎಂದು ಪ್ರೊಬಯೋಟಿಕ್ ಸ್ಯಾಶೆ, ಅಂದರೆ ಅಂಥ ಬ್ಯಾಕ್ಟೀರಿಯಾ ಇರುವ ಪುಡಿಯ ಪೊಟ್ಟಣ, ಬರೆದುಕೊಟ್ಟರು.

ಇವು ಒಳಗೆ ಖಾಯಂ ನೆಲೆಸುತ್ತವೆಯೇ ಎಂದು ಕೇಳಿದೆ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನೆಂದು ಮೊದಲೇ ತಿಳಿಸಿದ್ದೆ.

"ನಹೀಂ ಭಾಯಿ, ಪೇಯಿಂಗ್ ಗೆಸ್ಟ್ ಹೈ," ಎಂದು ನಕ್ಕರು. ಇದ್ದಷ್ಟು ದಿನ ಆಮ್ಲ ತಯಾರಿಸಿ ಪುಂಡರನ್ನು ದೂರ ಇಡುತ್ತವೆ, ಅಷ್ಟರಲ್ಲಿ ಹಳೆಯ ನಿವಾಸಿಗಳು ಚೇತರಿಸಿಕೊಳ್ಳಬಹುದು. ಆ ನಿವಾಸಿಗಳಿಗೂ ಊಟ ಬೇಕು: ನಮಗೆ ಜೀರ್ಣವಾಗದೆ ದೊಡ್ಡ ಕರುಳಿಗೆ ಇಳಿಯುವ ನಾರು, ಪಿಷ್ಟ. ಅದೇ ಪ್ರಿಬಯೋಟಿಕ್. ಬಾಳೆಕಾಯಿ, ಬೇಯಿಸಿ ತಣಿಸಿದ ಅನ್ನ. ಸ್ವಲ್ಪದಿಂದ ಶುರು ಮಾಡಿ, ಇಲ್ಲದಿದ್ದರೆ ಗ್ಯಾಸ್ ಎಂದರು.

ನಾನು ನೋಟ್‌ಬುಕ್ ತೆರೆದೆ. ಒಂದೊಂದನ್ನೇ ಪರೀಕ್ಷಿಸಬೇಕು, ಮೊದಲು ಸ್ಯಾಶೆ ಮಾತ್ರ. ಹೆಂಡತಿ ಶಶಿಕಲಾ ಟೀಚರ್, ಬೆಳಿಗ್ಗೆ ಗಂಜಿ ಮಾಡಿಟ್ಟು ಶಾಲೆಗೆ ಹೋಗುತ್ತಾಳೆ. ನಾನು ಅದನ್ನು ಮತ್ತೆ ಕುದಿಸಿ, ಪುಡಿ ಬೆರೆಸಿ ಕುಡಿಯುತ್ತಿದ್ದೆ. ಹದಿನೇಳನೆಯ ದಿನ ಬರೆದೆ: ಪರಿಣಾಮ ಶೂನ್ಯ.

ಮರುದಿನ ಭಾನುವಾರ. ಶಶಿಕಲಾಳ ಅಣ್ಣ ಬಂದಿದ್ದರು. ಮಾಟುಂಗದ ಉಡುಪಿ ಹೋಟೆಲೊಂದರಲ್ಲಿ ಮೊಸರು, ದೋಸೆ ಹಿಟ್ಟು ಅವರ ಜವಾಬ್ದಾರಿ. ನಾನು ಸ್ಯಾಶೆ ಹರಿದದ್ದನ್ನು ನೋಡಿ ಕೈ ಹಿಡಿದರು.

"ಎಂಥದು ಭಾವ ಅದು?"

"ಬ್ಯಾಕ್ಟೀರಿಯಾ. ಜೀವಂತ ಇರುವಂಥದ್ದು."

"ಜೀವ ಇರುವುದನ್ನು ಹಬೆ ಏಳುವ ಗಂಜಿಗೆ ಹಾಕುದಾ? ಕುದಿಯುವ ಹಾಲಿಗೆ ಹೆಪ್ಪು ಹಾಕಿದ್ರೆ ಮೊಸರು ಆಗ್ತದಾ ಮಾರಾಯ್ರೆ? ನಾನು ಹಾಗೆ ಮಾಡಿದ್ರೆ ಧನಿಗಳು ನನ್ನನ್ನೇ ಆ ಪಾತ್ರೆಗೆ ಹಾಕ್ತಾರೆ."

ಡಾಕ್ಟರ್ ಹಾಗೇನೂ ಹೇಳಲಿಲ್ಲ ಎಂದೆ.

"ಹೇಳಿದ್ರು. ನಾನು ಪಕ್ಕದಲ್ಲೇ ಕೂತಿದ್ದೆ," ಎಂದಳು ಶಶಿಕಲಾ. "ನಿಮಗೆ ನಿಮ್ಮ ಎಮ್ಮೆಸ್ಸಿ ಹೇಳುವ ಅರ್ಜೆಂಟು."

ಫೈಲ್ ತೆಗೆದೆ. ಪ್ರಿಸ್ಕ್ರಿಪ್ಷನ್ನಿನ ಹಿಂಬದಿಯಲ್ಲಿ ಎರಡು ಪದ: ಬಿಸಿಯಲ್ಲಿ ಬೇಡ.

ಅಕ್ಷರ ನನ್ನದೇ.

ಬರೆದದ್ದು ಇವತ್ತಿಗೂ ನೆನಪಾಗಿಲ್ಲ. ಹದಿನೇಳು ದಿನಗಳ ಟಿಪ್ಪಣಿಗೆ ಅಡ್ಡಗೆರೆ ಎಳೆದೆ. ತಿಂಗಳಲ್ಲಿ ಹನ್ನೆರಡು ದಿನ ಉಳಿದಿತ್ತು, ಒಂದೊಂದಾಗಿ ಪರೀಕ್ಷಿಸುವಷ್ಟು ಸಮಯವಿರಲಿಲ್ಲ. ಸ್ಯಾಶೆಯನ್ನು ತಣ್ಣೀರಿನಲ್ಲಿ ಕದಡಿ ಕುಡಿದೆ. ಗಂಜಿಯ ಬದಲು ಫ್ರಿಜ್ಜಿನಲ್ಲಿಟ್ಟ ಅನ್ನಕ್ಕೆ ಮಜ್ಜಿಗೆ. ದಿನ ಬಿಟ್ಟು ದಿನ ಬಾಳೆಕಾಯಿ ಪಲ್ಯ. ಮೊದಮೊದಲು ಹೊಟ್ಟೆ ಉಬ್ಬಿತು, ಆಮೇಲೆ ಮೆಲ್ಲಗೆ ಇಳಿಯಿತು. ದಿನಕ್ಕೆ ಆರು ಸಲ ಓಡುತ್ತಿದ್ದವನು ಮೂರಕ್ಕೆ ಬಂದೆ, ಎರಡಕ್ಕೆ ಬಂದೆ.

ಯಾವುದರಿಂದ ಎಂದು ಹೇಳಲಾರೆ. ಪುಡಿಯೋ, ತಂಗಳನ್ನವೋ, ಕಳೆದ ದಿನಗಳೋ. ಎಲ್ಲವನ್ನೂ ಒಟ್ಟಿಗೆ ಶುರು ಮಾಡಿದ ಪ್ರಯೋಗದಿಂದ ತೀರ್ಮಾನ ಹೊರಡುವುದಿಲ್ಲ. ಡಾಕ್ಟರ್ ಕೂಡ "ಹೋ ಸಕತಾ ಹೈ", ಇರಬಹುದು, ಎಂದಷ್ಟೇ ಹೇಳಿದರು. ಆ ಉತ್ತರ ನನಗೆ ಹಿಡಿಸಿತು.

ತಿಂಗಳ ಕೊನೆಯ ಸೋಮವಾರ ಸ್ಲೋ ಗಾಡಿಯನ್ನು ಹೋಗಲು ಬಿಟ್ಟು ಫಾಸ್ಟ್ ಹತ್ತಿದೆ. ಮಲಾಡ್ ಹೋಯಿತು. ಗೋರೆಗಾಂವ್ ಹೋಯಿತು. ಅಂಧೇರಿಯಲ್ಲಿ ಇಳಿಯಲಿಲ್ಲ. ದಾದರಿನಲ್ಲಿ ಇಳಿದು ಪರೇಲಿಗೆ ನಡೆದೆ. ಲ್ಯಾಬ್ ಬಾಗಿಲಲ್ಲಿ ನಿಂತಾಗ ಹತ್ತಕ್ಕೆ ಇನ್ನೂ ಐದು ನಿಮಿಷವಿತ್ತು. ಅಂಧೇರಿಯಲ್ಲಿ ಇಳಿಯಲಿಲ್ಲ ಎಂದು ಶಶಿಕಲಾಳಿಗೆ ಮೆಸೇಜ್ ಮಾಡಿದೆ.

ಮಧ್ಯಾಹ್ನ ಉತ್ತರ ಬಂತು: "ಈಗಲೇ ಬರೆದಿಡಿ. ಇಲ್ಲದಿದ್ರೆ ನಾಳೆ ಅಂಧೇರಿಯಲ್ಲಿ ಇಳಿದೆ ಅಂತ ವಾದ ಮಾಡ್ತೀರಿ."

ಬರೆದಿಟ್ಟೆ.