ಔರಾದಿಗೆ ಹೇಳದ ಪಾಸ್‌ವರ್ಡ್

ಸುಲೋಚನಾ, ನಿನ್ನ ಕೆಲಸ ಕಳೆದವನು ನಾನು. ನಿನಗೆ ಕಂಪ್ಯೂಟರ್ ಬರುವುದಿಲ್ಲವೆಂದು ಅಂದು ಔರಾದಿನಲ್ಲಿ ಎಲ್ಲರೂ ನಂಬಿದರು — ಬಹುಶಃ ನೀನೂ ನಂಬಿದೆ. ಅದು ಸುಳ್ಳು. ಬೀದರಿನಲ್ಲಿ ಕೂತು ಆ ಸುಳ್ಳನ್ನು ಸಾಕಿದವನು ನಾನು.

ಬರದ ವರ್ಷಗಳು. ಬಾವಿ, ಬೋರ್‌ವೆಲ್ ಬತ್ತಿ ಹಳ್ಳಿಗಳಿಗೆ ಟ್ಯಾಂಕರ್ ನೀರೇ ಗತಿ. ಟ್ಯಾಂಕರ್ ಓಡಿಸುವ ಗುತ್ತಿಗೆದಾರರ ಬಳಿ ನಾವು ಮೂವರು ಆಪರೇಟರುಗಳು — ಬೀದರಿನಲ್ಲಿ ನಾನು, ಭಾಲ್ಕಿಯಲ್ಲಿ ನನ್ನ ಷಡ್ಡಕ, ಔರಾದಿನಲ್ಲಿ ನೀನು. ನಾವು ಮೂವರೂ ಕಂಪ್ಯೂಟರಿನಲ್ಲೇ ಒಬ್ಬರ ಧ್ವನಿ ಒಬ್ಬರು ಕೇಳಿ ಮಾತಾಡಿ, ಎಲ್ಲಿ ನೀರು ಮುಟ್ಟಿಲ್ಲವೋ ಅಲ್ಲಿಗೆ ಗಾಡಿ ತಿರುಗಿಸಲೆಂದು ಗುತ್ತಿಗೆದಾರರು ಒಂದು ಸಾಫ್ಟ್‌ವೇರ್ ತಂದರು.

ಅದರ ಜೊತೆ ಬಂದ ಕೈಪಿಡಿ — ಈಗಲೂ ನೆನೆದರೆ ಮೈ ಉರಿಯುತ್ತದೆ. ಒಂದೇ ಕೋಣೆಯ ಎರಡು ಕಂಪ್ಯೂಟರ್ ಕೂಡಿಸುವವರೆಗೆ ಎಲ್ಲ ಇತ್ತು. ಬೇರೆ ಊರನ್ನು ಕೂಡಿಸುವ ಪುಟದಲ್ಲಿ ತಲೆಬರಹ, ಅದರ ಕೆಳಗೆ ಒಂದೇ ಸಾಲು: ವಿವರಗಳನ್ನು ಮುಂದೆ ಸೇರಿಸಲಾಗುವುದು. ಮುಂದೆ ಎಂದರೆ ಯಾವಾಗ? ಜನ ಬಾಯಾರಿ ಸತ್ತ ಮೇಲೆಯೇ? ಮೆಟ್ರಿಕ್ ಓದಿದ ನಾನು ಬೈಯುತ್ತ, ತಡಕಾಡುತ್ತ, ಅಳಿಸಿ ಮತ್ತೆ ಹಾಕುತ್ತ ಕಡೆಗೂ ಕಂಡುಕೊಂಡೆ. ಧ್ವನಿಯನ್ನು ನಡುವೆ ನಿಂತು ದಾಟಿಸುವ ಇನ್ನೊಂದು ಪ್ರೋಗ್ರಾಂ ಬೀದರಿನಲ್ಲಿ ಓಡುತ್ತಿರಬೇಕು; ಅದರ ವಿಳಾಸ, ಪಾಸ್‌ವರ್ಡ್ ಎರಡನ್ನೂ ಹೊರಗಿನ ಊರಿನವರು ತುಂಬಬೇಕು. ಅಷ್ಟೇ.

ಭಾಲ್ಕಿಗೆ ಆ ಕ್ಷಣವೇ ಹೇಳಿದೆ. ನಿನಗೆ ಹೇಳಲಿಲ್ಲ. ಯಾಕೆಂದರೆ — ಬರೆಯಲು ನಾಚಿಕೆಯಾಗುತ್ತದೆ — ತರಬೇತಿಯಲ್ಲಿ ಎಲ್ಲರ ಮುಂದೆ ನೀನು ನಕ್ಕಿದ್ದೆ: “ಕಾಕಾ, ನೀವು ಹಿಂಗ ಒಂದ ಬೆರಳಿಲೆ ಬಡೀರಿ. ಮುಗಿಯೋದ್ರಾಗ ಟ್ಯಾಂಕರ್ ಬಂದು ಹೋಗಿರ್ತದ.” ನಾನೂ ನಕ್ಕಿದ್ದೆ. ನಕ್ಕು, ಆ ಮಾತನ್ನು ಒಳಗೆ ಇಟ್ಟುಕೊಂಡಿದ್ದೆ.

ನೀನು ಫೋನ್ ಮಾಡಿದೆ. “ಕಾಕಾ, ಅವಾಜ್ ಬರ್ಲತ್ತಿಲ್ರಿ. ಭಾಲ್ಕಿದು ಹ್ಯಾಂಗ ಆಯ್ತ್ರಿ? ಪುಸ್ತಕದಾಗ ಮುಂದ ಏನೂ ಇಲ್ರಿ.”

“ಎಲ್ಲಾ ಅದರಾಗೇ ಅದವ್ವಾ,” ಎಂದೆ. “ಸರಿಯಾಗಿ ಓದು.”

ಇಲ್ಲದ್ದನ್ನು ನೀನು ಹುಡುಕುತ್ತ ಹೋದೆ. ಭಾಲ್ಕಿಯ ಕೂಗು ನೇರವಾಗಿ ಕೇಳುತ್ತಿತ್ತು, ಗಾಡಿಗಳು ಅತ್ತ ಹೋದವು. ನೀನು ಫೋನಿನಲ್ಲಿ ಹೇಳುತ್ತಿದ್ದ ಹಳ್ಳಿಗಳು ಸರದಿಯಲ್ಲಿ ಹಿಂದೆ ಬಿದ್ದವು. ಹೆಂಗಸರು ಖಾಲಿ ಕೊಡ ಹಿಡಿದು ನಿನ್ನ ಬಾಗಿಲಿಗೇ ಬಂದು ಜಗಳಾಡಿದರಂತೆ. ಗುತ್ತಿಗೆದಾರರ ಮ್ಯಾನೇಜರ್ ಸಾಹೇಬರು ನನ್ನನ್ನು ಕರೆದು, ಆ ಹುಡುಗಿಗೆ ಕೆಲಸ ಬರುವುದಿಲ್ಲವೇ ಎಂದು ಕೇಳಿದರು. ನಾನು ಬಾಯಿ ಬಿಡಲಿಲ್ಲ. ಒಂದು ಮಾತು ಸಾಕಿತ್ತು —

ನಿನ್ನನ್ನು ತೆಗೆದರು. ತಾಯಿಯನ್ನು ಕರೆದುಕೊಂಡು ಹೈದರಾಬಾದಿಗೆ ಇಟ್ಟಿಗೆ ಹೊರಲು ಹೋದೆಯೆಂದು ಕೇಳಿದೆ. ನಿನ್ನ ಜಾಗಕ್ಕೆ ಬಂದವನಿಗೆ ಮೊದಲ ದಿನವೇ ಪಾಸ್‌ವರ್ಡ್ ಕೊಟ್ಟೆ. ಔರಾದು ಮಾತಾಡಿತು. ಸಾಹೇಬರು ನನ್ನ ಬೆನ್ನು ತಟ್ಟಿದರು. ನಾನು ತಟ್ಟಿಸಿಕೊಂಡೆ.

ಆ ಕೈಪಿಡಿ ಬರೆದವನನ್ನು ಇಷ್ಟು ವರ್ಷ ಶಪಿಸಿದ್ದೇನೆ. ಅವನು ಗೊತ್ತಿದ್ದೂ ಬರೆಯದೆ ಬಿಟ್ಟನೋ ಇಲ್ಲವೋ ನಾನರಿಯೆ. ನನಗಂತೂ ಗೊತ್ತಿತ್ತು.

ಮೊನ್ನೆ ಸಾಹೇಬರ ಮನೆಗೆ ಹೋಗಿ ಎಲ್ಲ ಹೇಳಿದೆ. “ಯಾವ ಹುಡುಗಿ?” ಎಂದರು. ನಿನ್ನ ಹೆಸರು, ನಿನ್ನ ತಂದೆಯ ಹೆಸರು, ನಿಮ್ಮ ಓಣಿ — ಎಲ್ಲ ಹೇಳಿದೆ. ಅವರು ಮಾತು ಬದಲಿಸಿದರು. ನಾನು ಮತ್ತೆ ಹೇಳಿದೆ. ನೆನಪಾಯಿತು ಎನ್ನುವವರೆಗೆ ಅಲ್ಲಿಂದ ಏಳಲಿಲ್ಲ.