ದಾರಿ ಹೇಳದ ಸಿಪಾಯಿ

ನಮ್ಮ ಬೆಂಗಳೂರಲ್ಲಿ ದಾರಿ ಕೇಳಿದರೆ ಗೊತ್ತಿಲ್ಲ ಅನ್ನೋರೇ ಇಲ್ಲ. ಗೊತ್ತಿಲ್ಲದವರೂ ಕೈ ತೋರಿಸಿ ಕಳಿಸುತ್ತಾರೆ. ಹಾಗೆ ಮಾಡದ ಒಬ್ಬರೇ ಒಬ್ಬರು ನನಗೆ ಸಿಕ್ಕಿದ್ದು ತುಮಕೂರು ರಸ್ತೆಯ ಮಾಕಳಿಯಲ್ಲಿ. ಮೊಬೈಲಿಗೆ ಇನ್ನೂ ಮ್ಯಾಪ್ ಬಂದಿರದ ಕಾಲ. ಕಂಪ್ರೆಸರ್ ರಿಪೇರಿಗೆ ಅಂತ ಒಂದು ಫ್ಯಾಕ್ಟರಿ ಹುಡುಕುತ್ತಿದ್ದೆ. ಬೆಳಗಿನ ಮಂಜಿನಲ್ಲಿ ಶೆಡ್ಡುಗಳೆಲ್ಲ ತೇಲುತ್ತಿರುವಂತೆ ಕಾಣುತ್ತಿದ್ದವು. ಟೀ ಅಂಗಡಿ ಮುಂದೆ ಕೂತಿದ್ದ ಮುದುಕರೊಬ್ಬರನ್ನು ಕೇಳಿದೆ.

"ದಾರಿ ಹೇಳಲ್ಲ ಸಾರ್. ಬನ್ನಿ, ಕರ್ಕೊಂಡೋಗ್ತೀನಿ," ಅಂತ ಎದ್ದರು.

ನಡೆಯುತ್ತಾ ತಾವೇ ಹೇಳಿದರು: "ಮಿಲಿಟರೀಲಿದ್ದೆ. ನಮ್ ಕ್ಯಾಂಪಿಗೆ ಬರೋ ದಾರಿ ಬರೆದು ಶತ್ರುಗಳಿಗೆ ಕಳಿಸೋಕೋಗಿ ಸಿಕ್ಕಿಬಿದ್ದೆ. ಕೋರ್ಟ್ ಮಾರ್ಷಲ್ ಆಯ್ತು, ಜೈಲಾಯ್ತು. ಅವತ್ತಿಂದ ಯಾರಿಗೂ ದಾರಿ ಹೇಳಿಲ್ಲ."

"ಯಾಕೆ ಹಾಗ್ ಮಾಡಿದ್ರಿ?"

"ಆಫೀಸರ್ ಮೇಲೆ ಸಿಟ್ಟಿತ್ತು. ಯಾಕೆ ಸಿಟ್ಟು ಅನ್ನೋದೇ ಈಗ ನೆನಪಾಗಲ್ಲ ಸಾರ್."

ಅವರು ಮುಂದೆ ಮುಂದೆ ಹೆಜ್ಜೆ ಹಾಕಿದರು. ಅವರ ಬೆನ್ನು ಮಂಜಿನೊಳಗೆ ಒಮ್ಮೆ ಕಾಣುತ್ತಿತ್ತು, ಒಮ್ಮೆ ಇಲ್ಲ. ನಾನು ಕನಸಿನಲ್ಲಿ ನಡೆದಂತೆ ಹಿಂದೆ ಹೋಗುತ್ತಿದ್ದೆ. ಕೊನೆಗೊಂದು ಗೇಟಿನ ಮುಂದೆ ನಿಂತು, ನನಗೊಂದು ಸೆಲ್ಯೂಟ್ ಹೊಡೆದು, ಬಂದ ದಾರಿಯಲ್ಲೇ ಕರಗಿಹೋದರು.

ತಲೆಯೆತ್ತಿ ಬೋರ್ಡ್ ಓದಿದೆ. ಅದು ಬೇರೆ ಯಾವುದೋ ಫ್ಯಾಕ್ಟರಿ.

ಅವರು ಬರೆದ ಆ ದಾರಿ ಶತ್ರುಗಳ ಕೈ ಸೇರಿದ್ದರೂ, ಪಾಪ, ಆ ಶತ್ರುಗಳು ಇವತ್ತಿಗೂ ನಮ್ಮ ಕ್ಯಾಂಪು ಹುಡುಕುತ್ತಲೇ ಇರುತ್ತಿದ್ದರು.